೭೧೨೧೪ರ ಎಡಗಡೆಯ ಗುಳಿ

ಲೊರೇನ್, ಒಹಾಯೊ
೯ ಸೆಪ್ಟೆಂಬರ್ ೨೦೧೮

ಎ. ಸ್ಕೋಗ್‌ಸ್ಟಾಡ್ ಅವರೇ,

ನೀವ್ಯಾರು ಅಂತ ನಂಗೊತ್ತಿಲ್ಲ, ನಾನ್ಯಾರು ಅಂತ ನಿಮಗೂ ಗೊತ್ತಿಲ್ಲ. ಆದ್ರೆ ನಿಮ್ಮ ಚೀಟಿ ನನ್ನ ಕೈಲಿದೆ! ಬಂದೂಕಿನ ಹಿಂಬದಿ ಉಕ್ಕಿನ ತಟ್ಟೇಲಿ ಪುಟ್ಟ ಮುಚ್ಚಳ ಇದ್ಯಲ್ಲ, ಎಣ್ಣೆ ಡಬ್ಬಿ ಇಡೋ ಗೂಡು, ಅದ್ರೊಳಗೆ ಸುರುಳಿ ಸುತ್ತಿ ಇಟ್ಟಿದ್ರಿ. "೭೧೨೧೪. ೧೯೫೮ರಿಂದ ೨೦೧೨ರವರೆಗೆ ನಮ್ಮ ಮನೆಯಲ್ಲಿತ್ತು. ಹನ್ನೊಂದು ಜಿಂಕೆ. ಒಳ್ಳೆಯ ಬಂದೂಕು. ಕೊಂಡವರು ಒಂದು ಸಾಲು ಬರೆಯಿರಿ." ಬಂದೂಕಿನ ಮೇಲೆ ಕೊರೆದಿರೋ ನಂಬರೇ ಅದು, ತಾಳೆ ನೋಡ್ದೆ. ಕೆಳಗೆ ನಿಮ್ಮ ಹೆಸರು, ವಿಳಾಸ. ಫೋನ್ ನಂಬರ್ ಇಲ್ಲ, ಈಮೇಲ್ ಇಲ್ಲ. ಅದಕ್ಕೇ ಕಾಗದ. ನಾನು ಕೈಯಲ್ಲಿ ಕೊನೇ ಸಲ ಕಾಗದ ಬರ್ದಿದ್ದು ಸಾಂತಾ ಕ್ಲಾಸ್‌ಗೆ, ಉತ್ತರ ಬರ್ಲಿಲ್ಲ. ನೀವಾದ್ರೂ ಬರೀರಿ.

ನಾನು ಮರ್ನಿ ಕುಜ್ಮಾ, ಇಪ್ಪತ್ತು ವರ್ಷ, ಹಾರ್ಡ್‌ವೇರ್ ಅಂಗಡೀಲಿ ಬಣ್ಣ ಬೆರೆಸೋ ಕೆಲ್ಸ. ಕ್ರಾಗ್ ಬಂದೂಕು ಅಂದ್ರೆ ನಂಗೆ ಪ್ರಾಣ. ನಮ್ಮ ಸೈನ್ಯ ಅದನ್ನ ಹತ್ತೇ ವರ್ಷ ಇಟ್ಕೊಂಡು ಕೈಬಿಡ್ತು ಅನ್ನೋದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಆ ಬಲಗಡೆ ಬಾಗಿಲು ತೆಗೆದು ಗುಂಡು ಸುರಿಯೋದು, ಆ ಬೋಲ್ಟು ಬೆಣ್ಣೇಲಿ ಚಾಕು ಆಡ್ದಂಗೆ ಆಡೋದು! ಹದಿನಾಲ್ಕು ವಯಸ್ಸಿಂದ ಆನ್‌ಲೈನ್ ಕ್ರಾಗ್ ಗ್ರೂಪಲ್ಲಿದೀನಿ. ಇದು ನನ್ನ ಮೊದಲನೇದು. ಟೊಲೀಡೊ ಬಂದೂಕು ಮೇಳದಲ್ಲಿ ನೋಡಿದ ತಕ್ಷಣ ಎದೆ ಹೊಡ್ಕೊಳ್ತು. ಗಿಡ್ಡ ನಳಿಗೆ, ೧೮೯೬ನೇ ಮಾದರಿ. ಅಂದ್ರೆ ಕುದುರೆ ಪಡೆಯ ಕಾರ್ಬೈನ್! ಸಿಗೋದೇ ಅಪರೂಪ!

ಫೋಟೋ ಹಾಕಿ ಹತ್ತು ನಿಮಿಷಕ್ಕೆ ನನ್ನ ಮಾನ ಹೋಯ್ತು. "ಕಾರ್ಬೈನ್ ಅಲ್ಲಮ್ಮಾ, ಯಾವನೋ ಉದ್ದದ್ದನ್ನ ಗರಗಸದಲ್ಲಿ ಕುಯ್ದಿದಾನೆ." ಇನ್ನೂರ ಮೂವತ್ತು ನಗೋ ಮುಖ ಬಿತ್ತು, ಎಣಿಸಿದೀನಿ.

ಪ್ರಶ್ನೆ ಎರಡೇ. ಕುಯ್ದೋರು ಯಾರು? ಇದನ್ನ ಮತ್ತೆ ಉದ್ದ ಮಾಡ್ಬೇಕು ಅಂತಿದೀನಿ, ನಿಮಗೇನಾದ್ರೂ ಗೊತ್ತಾ?

ಮರ್ನಿ

---

ಫರ್ಗಸ್ ಫಾಲ್ಸ್, ಮಿನ್ನೆಸೋಟ
೨೪ ಸೆಪ್ಟೆಂಬರ್ ೨೦೧೮

ಕುಮಾರಿ ಕುಜ್ಮಾ ಅವರಿಗೆ,

ನಿಮ್ಮ ಕಾಗದ ಬಂತು. ಬಂದೂಕು ಕೈಬಿಡುವಾಗ ಗೂಡಿನಲ್ಲಿ ಒಂದು ಚೀಟಿ ಇಡುವುದು ನಮ್ಮ ಕ್ಲಬ್ಬಿನವರ ಅಭ್ಯಾಸ. ಆರು ವರ್ಷವಾಯಿತು, ಅಂಗಡಿಯವನು ಎಸೆದಿರುತ್ತಾನೆ ಎಂದುಕೊಂಡಿದ್ದೆ. ಎದುರು ಮನೆಯ ಥೆಲ್ಮಾ ಲಕೋಟೆಯ ಮೇಲಿನ ಅಕ್ಷರ ನೋಡಿ, "ಏನಯ್ಯಾ ಆರ್ಡೆನ್, ಎಂಬತ್ನಾಕರಲ್ಲಿ ಹುಡ್ಗೀರ ಕಾಗದ ಬರ್ತಿದ್ಯಲ್ಲ, ಕಾಫಿ ಸಾಕಾ, ಕೇಕೂ ಬೇಕಾ?" ಎಂದಳು. ಎರಡೂ ಕೊಟ್ಟಳು.

ನೀವು ಮೋಸ ಹೋದದ್ದಕ್ಕೆ ನಾಚಬೇಕಿಲ್ಲ. ಗಿಡ್ಡ ಕ್ರಾಗ್ ನೋಡಿ ಎದೆ ಹೊಡೆದುಕೊಳ್ಳದವನು ಈ ಹವ್ಯಾಸಕ್ಕೆ ಬರಬಾರದು. ಮುಂದಿನ ಸಲ ಕಣ್ಣಿಟ್ಟು ಗುರಿ ಹಿಡಿಯುವ ಹಿಂಬದಿಯ ಪಟ್ಟಿ ನೋಡಿ. ಕಾರ್ಬೈನ್ ಆದರೆ ಅದರ ಮೇಲೆ 'ಸಿ' ಅಕ್ಷರ ಕೊರೆದಿರುತ್ತದೆ. ಆಮೇಲೆ ನಳಿಗೆಯ ತುದಿಯಲ್ಲಿರುವ ಗುರಿಮೊಳೆಯ ಬುಡ ನೋಡಿ. ನಿಮ್ಮದರಲ್ಲಿ ಬೆಸುಗೆ ಸ್ವಲ್ಪ ಎಡಕ್ಕೆ ವಾಲಿದೆ. ಅಂಥ ಕೆಲಸವನ್ನು ಸರ್ಕಾರದ ಕಾರ್ಖಾನೆ ಮಾಡುವುದಿಲ್ಲ.

ಕತ್ತರಿಸಿದವನು ಯಾರು ಎಂದು ಕೇಳಿದ್ದೀರಿ. ಅವಸರದಲ್ಲಿದ್ದ ಒಬ್ಬ ಮನುಷ್ಯ. ಅಡುಗೆಮನೆಯ ಮೇಜಿನ ಮೇಲೆ, ಕಬ್ಬಿಣ ಕೊಯ್ಯುವ ಗರಗಸದಲ್ಲಿ. ಇಷ್ಟು ಗೊತ್ತು.

ನನ್ನದೂ ಒಂದು ಪ್ರಶ್ನೆ. ಮುಂದಿನ ಕೈ ಹಿಡಿಯುವ ಜಾಗದಲ್ಲಿ, ಮರದ ಎಡಗಡೆಗೆ, ಒಂದು ಗುಳಿ ಇರಬೇಕು. ಅದು ಹಾಗೆಯೇ ಇದೆಯೆ?

ಆರ್ಡೆನ್ ಸ್ಕೋಗ್‌ಸ್ಟಾಡ್

---

ಲೊರೇನ್
೩ ಅಕ್ಟೋಬರ್ ೨೦೧೮

ಸ್ಕೋಗ್‌ಸ್ಟಾಡ್ ಸಾರ್!!

ಉತ್ತರ ಬಂತು! ಸಾಂತಾಗಿಂತ ನೀವೇ ವಾಸಿ. 'ಸಿ' ಅಕ್ಷರದ ವಿಷ್ಯ ಗ್ರೂಪಲ್ಲಿ ಹಾಕ್ದೆ, ನಗ್ತಿದ್ದ ಇಬ್ರು ಬಾಯಿ ಮುಚ್ಕೊಂಡ್ರು.

ಗುಳಿ ವಿಷ್ಯ. ಇತ್ತು! ಹೆಬ್ಬೆರಳಷ್ಟು ಅಗಲ, ಯಾರೋ ಚಾಕುವಿಂದ ಕೆತ್ತಿದಂಗೆ. ಮೊದಲು ಅದನ್ನ ನೋಡೇ ನಂಗೆ ಅಳು ಬಂದಿತ್ತು. ಕುಯ್ದಿದ್ದು ಸಾಲ್ದೂ ಅಂತ ಕೆತ್ತಿದಾನಲ್ಲ ಮಹಾನುಭಾವ. ನೀವು ಯೋಚ್ನೆ ಮಾಡ್ಬೇಡಿ, ನಾನು ಬಣ್ಣದ ಕೌಂಟರಿನವಳು ಸಾರ್! ಮರದ ಪುಟ್ಟಿಗೆ ಮೂರು ಕಂದು, ಒಂದು ಚೂರು ಕೆಂಪು ಹಾಕಿ ಕಲಸಿ ಎಂಥ ಚೆನ್ನಾಗಿ ಮುಚ್ಚಿದೀನಿ ಅಂದ್ರೆ, ಅಲ್ಲೊಂದು ಗುಳಿ ಇತ್ತು ಅಂತ ಅದನ್ನ ಕೆತ್ತಿದವನಿಗೂ ಗೊತ್ತಾಗಲ್ಲ. ನಮ್ಮ ಅಂಗಡಿ ಡ್ವೇನ್ ಬೆರಳಾಡಿಸಿ ನೋಡಿ, "ಲೇ, ನೀನು ಹೆಣಕ್ಕೆ ಬಣ್ಣ ಬಳಿಯೋ ಕೆಲ್ಸಕ್ಕೆ ಹೋಗ್ಬೇಕಿತ್ತು ಕಣೇ" ಅಂದ.

ಇನ್ನೊಂದು ಖುಷಿ ಸುದ್ದಿ. ಸ್ಯಾಂಡಸ್ಕೀಲಿ ವೆರ್ನನ್ ಅಂತ ಒಬ್ರಿದಾರೆ, ಹಳೇ ಬಂದೂಕಿನ ಮರಕ್ಕೆ ಮರ ಜೋಡಿಸೋರು. ಜನವರಿ ಕೊನೇಲಿ ನಂದು ಮಾಡ್ಕೊಡ್ತಾರಂತೆ. ಯಾವ್ದೋ ಬೇರೆ ಕ್ರಾಗಿನ ಮುಂಭಾಗ ತಂದು ಅಂಟಿಸಿ, ಉದ್ದ ನಳಿಗೆ ಹಾಕಿ, ಮಾರ್ಚಿನ ಮೇಳಕ್ಕೆ ಇದು ಕಾರ್ಖಾನೆಯಿಂದ ಬಂದ ದಿನದ ಥರ ನಿಲ್ಲತ್ತೆ.

ಆ ಕುಯ್ದವನು ಸಿಕ್ಕಿದ್ರೆ ಹೇಳಿ ಸಾರ್, ಅವನ ಕೈ ಸೇದೋಗ್ಲಿ ಅಂತ ಒಬ್ಬಳು ಒಹಾಯೊದಲ್ಲಿ ಕೂತು ಶಾಪ ಹಾಕ್ತಿದಾಳೆ ಅಂತ.

ನಿಮ್ಮ ಮರ್ನಿ

---

ಲೊರೇನ್
೧೨ ನವೆಂಬರ್ ೨೦೧೮

ಸ್ಕೋಗ್‌ಸ್ಟಾಡ್ ಸಾರ್,

ನನ್ನ ಕಾಗದ ಸಿಗ್ಲಿಲ್ವಾ? ಮೆಸೇಜಾದ್ರೆ ಓದಿದ್ರೋ ಇಲ್ವೋ ಅಂತ ಗೊತ್ತಾಗತ್ತೆ, ಇದ್ರಲ್ಲಿ ಏನೂ ಗೊತ್ತಾಗಲ್ಲ, ಹಿಂಸೆ.

ನೀವು ಪುಟ್ಟಿ ಅಂದ್ರೆ ಮುಖ ತಿರುಗಿಸೋ ಹಳೇ ಕಾಲದೋರಾ? ಹಂಗಿದ್ರೆ ತಲೆ ಕೆಡಿಸ್ಕೋಬೇಡಿ, ಅದು ನೀರಲ್ಲಿ ನೆನೆಯೋ ಜಾತಿ. ಇಲ್ಲಾ, ಕುಯ್ದೋರು ನಿಮ್ಮ ಸ್ನೇಹಿತರಾ? ನಾನು ಬೈದಿದ್ದು ನಿಮಗೆ ನೋವಾಯ್ತಾ?

ಮರ್ನಿ

---

ಲೊರೇನ್
೧೦ ಡಿಸೆಂಬರ್ ೨೦೧೮

ಸಾರ್,

ಜಾಸ್ತಿ ಬರಿಯಲ್ಲ. ನೀವು ಹುಷಾರಾಗಿದೀರಾ ಅಂತ ಗೊತ್ತಾದ್ರೆ ಸಾಕು. ಬಂದೂಕಿನ ವಿಷ್ಯ ಬರೀಬೇಕು ಅಂತೇನಿಲ್ಲ. ಹಿಮ ಎಷ್ಟು ಬಿತ್ತು ಅಂತ ಬರೆದ್ರೂ ನಡಿಯತ್ತೆ.

ಮರ್ನಿ

---

ಫರ್ಗಸ್ ಫಾಲ್ಸ್
೮ ಜನವರಿ ೨೦೧೯

ಮರ್ನಿಗೆ,

ಹಿಮ ಮೊಣಕಾಲುದ್ದ ಬಿದ್ದಿದೆ. ನಾನು ಹುಷಾರಾಗಿದ್ದೇನೆ.

ಉತ್ತರ ತಡವಾಯಿತು. ಜಿಂಕೆ ಬೇಟೆಯ ಕಾಲ, ಆಮೇಲೆ ಕ್ರಿಸ್ಮಸ್ಸು, ಹೀಗೆ ಕೆಲಸಗಳಿದ್ದವು. ಅದು ಪೂರ್ತಿ ನಿಜವಲ್ಲ. ಏನು ಬರೆಯಬೇಕೆಂದು ತಿಳಿಯದೆ ಮೂರು ಸಲ ಬರೆದು ಒಲೆಗೆ ಹಾಕಿದೆ.

ಕತ್ತರಿಸಿದವನು ನಾನೇ. ಕೈ ಇನ್ನೂ ಸೇದಿಹೋಗಿಲ್ಲ, ಎರಡು ಬೆರಳು ಮಾತ್ರ ಊದಿವೆ. ಬಂದೂಕು ಹಗುರವಾಗಬೇಕಿತ್ತು, ಅದಕ್ಕೆ ಕತ್ತರಿಸಿದೆ. ಕ್ಲಬ್ಬಿನಲ್ಲಿ ಅರವತ್ತು ವರ್ಷ ಬೈಸಿಕೊಂಡಿದ್ದೇನೆ. ನೀನು ಬೈದದ್ದು ಅವರ ಮುಂದೆ ಏನೂ ಅಲ್ಲ.

ಇದರ ಜೊತೆ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಅಂದು ಕತ್ತರಿಸಿ ತೆಗೆದ ಮರದ ತುಂಡು, ಒಂದೂಕಾಲು ಅಡಿ. ನಳಿಗೆಯ ತುಂಡು ಹುರುಳಿಕಾಯಿ ಪಾತಿಯಲ್ಲಿ ಗೂಟವಾಗಿ ತುಕ್ಕು ಹಿಡಿಯಿತು, ಇದು ಮಾತ್ರ ಉಳಿದಿತ್ತು. ಯಾವುದೋ ಬಂದೂಕಿನ ಮರ ತಂದು ಅಂಟಿಸುವುದಕ್ಕಿಂತ ಅದರದೇ ಮರ ಅದಕ್ಕೆ ಸೇರಲಿ. ನಳಿಗೆ ಕೂರುವ ತೋಡಿನೊಳಗೆ ಪೆನ್ಸಿಲಿನ ಗೀಚು ಇದೆ, ವೆರ್ನನ್ ಉಜ್ಜಿದರೆ ಹೋಗುತ್ತದೆ.

ಚೆನ್ನಾಗಿ ಜೋಡಿಸಲಿ. ಬಂದೂಕು ನಿನ್ನದು.

ಆರ್ಡೆನ್

(ಲಕೋಟೆಯ ಹಿಂಬದಿಯಲ್ಲಿ, ಬೇರೆ ಕೈಬರಹ)

ಹುಡುಗೀ, ನಾನು ಥೆಲ್ಮಾ. ಅಂಚೆಗೆ ಹಾಕೋಕೆ ನನ್ನ ಕೈಲಿ ಕೊಟ್ಟಿದಾನೆ, ಅದಕ್ಕೆ ಬರೀತಿದೀನಿ. ಆ ಗುಳಿ ನನ್ನ ಅಕ್ಕ ರಾಗ್ನಾಳ ಹೆಬ್ಬೆರಳಿಂದು. ಹದಿನೇಳರಲ್ಲಿ ಅವಳಿಗೆ ಪೋಲಿಯೊ ಬಂದು ಎಡಗೈ ಸೇದೋಗಿತ್ತು. ಉದ್ದ ಬಂದೂಕು ಎತ್ತೋಕಾಗ್ತಿರ್ಲಿಲ್ಲ. ಇವನ ಹೆಂಡತಿ ಅವಳು. ಹೋಗಿ ಏಳು ವರ್ಷ ಆಯ್ತು. ಈ ತುಂಡು ಅಷ್ಟು ವರ್ಷವೂ ಇವರ ಅಡುಗೆಮನೇಲಿ ಮೇಲಕ್ಕೆತ್ತಿದ ಕಿಟಕಿ ಬೀಳದ ಹಾಗೆ ಆನಿಸೋ ಕೋಲು. ಪ್ರತಿ ವಸಂತದಲ್ಲಿ ಮೊದಲ ಸಲ ಕಿಟಕಿ ಎತ್ತಿದ ದಿನ ಅವಳು ಅದರ ಮೇಲೆ ತಾರೀಕು ಬರೀತಿದ್ಲು. ಕ್ರಿಸ್ಮಸ್ಸಿಗೆ ಇವನು ಲೆಫ್ಸೆ ರೊಟ್ಟಿ ಸುಟ್ಟು ಮನೆಯೆಲ್ಲಾ ಹೊಗೆ ಮಾಡ್ದ. ಕಿಟಕಿ ಎತ್ತಿದ್ರೆ ಕೋಲು ಎಲ್ಲಿ? ಆಗಲೇ ಕಾಗದ ಸುತ್ತಿ ನಿನಗೆ ಅಂತ ಎತ್ತಿಟ್ಟಿದ್ದ! ಪೊರಕೆ ಹಿಡಿ ಆನಿಸಿದ, ಜಾರ್ತು, ಕಿಟಕಿ ಬೆರಳ ಮೇಲೆ ಬಿತ್ತು. ನಾನು ಹೇಳ್ದೆ ಅಂತ ಹೇಳ್ಬೇಡ. ಸಾಯಿಸ್ತಾನೆ.

---

ಲೊರೇನ್
೨೦ ಜನವರಿ ೨೦೧೯

ಆರ್ಡೆನ್ ಅವರೇ,

ಪೊಟ್ಟಣ ಬಂತು. ಬಂದು ಐದು ದಿನ ಆಯ್ತು. ನನಗೂ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ. ಈಗ ಗೊತ್ತಾಯ್ತು ಅದು ಹೆಂಗಿರತ್ತೆ ಅಂತ.

ಎರಡನ್ನೂ ಅಂಗಡಿ ಹಿಂದಿನ ಮೇಜಿನ ಮೇಲಿಟ್ಟು ನಿಧಾನಕ್ಕೆ ಹತ್ತಿರ ತಂದೆ. ಮರದ ಗೆರೆಗಳು ಈ ತುಂಡಿಂದ ಹೊರಟು ಆ ತುಂಡಿಗೆ ಸೀದಾ ಹೋದ್ವು. ಒಂದು ಗೆರೆ ಸುಳಿ ತಿರುಗ್ತಾ ಇತ್ತು, ಅರ್ಧ ನಿಮ್ಮ ಹತ್ರ, ಅರ್ಧ ನನ್ನ ಹತ್ರ ಇದ್ದಿದ್ದು, ಅದೂ ಕೂಡ್ಕೊಳ್ತು. ಮಧ್ಯದಲ್ಲಿ ಗರಗಸದ ಅಲಗಿನಷ್ಟು ಮಾತ್ರ ಕಾಣೆ. ಡ್ವೇನ್ ಬಂದು ದೀಪ ಹತ್ತಿರಕ್ಕೆ ಎಳೆದು ಹಿಡಿದ.

ತುಂಡು ತಿರುಗಿಸಿ ನೋಡ್ದೆ. ತೋಡಿನೊಳಗೆ ಇರುವೆ ಸಾಲಿನ ಥರ ಅಕ್ಷರ. ೧೯೫೯, ಏಪ್ರಿಲ್ ೧೧. ೧೯೬೦, ಏಪ್ರಿಲ್ ೨. ೧೯೭೫ರಲ್ಲಿ ಮೇ ೪, ಪಕ್ಕದಲ್ಲಿ "ಕೊನೆಗೂ!" ಅಂತ. ಐವತ್ಮೂರು ಇದೆ. ಕೊನೇದು ೨೦೧೧. ಒಂದು ಕೊನೆಗೆ ಕಿಟಕಿಯ ಬಿಳಿ ಬಣ್ಣ ಪದರ ಪದರವಾಗಿ ಮೆತ್ಕೊಂಡಿದೆ. ಏಳು ಬಿಳಿ. ನಾನು ಬಣ್ಣದವಳಲ್ವಾ, ಒಂದೊಂದೂ ಬೇರೆ ಬಿಳಿ ಅಂತ ನಂಗೆ ಕಾಣತ್ತೆ.

ನಂಗೆ ಯಾರೂ ಏನೂ ಹೇಳಿಲ್ಲ. ಅಕ್ಷರ ನೋಡಿ ನಾನೇ ಊಹೆ ಮಾಡಿದ್ದು.

ನಮ್ಮ ಗ್ರೂಪಿನ ಮೇಲ್ಗಡೆ ಮೊದಲನೇ ನಿಯಮ ಅಂತ ಒಂದಿದೆ: ಬಳಸಿದವರ ಗುರುತು ಅಳಿಸಬೇಡಿ. ಸಿಪಾಯಿ ಕೆತ್ತಿದ ಹೆಸರು, ಬೆವರಿನ ಕಲೆ, ಏನಿದ್ರೂ ಹಾಗೇ ಬಿಡಿ. ಹೊಸಬರಿಗೆ ನಾನೇ ನಲವತ್ತು ಸಲ ಟೈಪ್ ಮಾಡಿದೀನಿ. ಸಿಪಾಯಿ ಬಿಟ್ಟು ಬೇರೆಯೋರೂ ಗುರುತು ಬಿಟ್ಟಿರ್ತಾರೆ ಅಂತ ಮಾತ್ರ ನನ್ನ ತಲೆಗೆ ಹೊಳೀಲಿಲ್ಲ. ಮೂರು ಕಂದು, ಒಂದು ಚೂರು ಕೆಂಪು ಅಂತ ಜಂಬ ಕೊಚ್ಚಿದ್ನಲ್ಲ ನಾನು, ನಿಮಗೇ!

ಊಟದ ಬಿಡುವಲ್ಲಿ ದಿನಾ ಕೂತು ಬಿಸಿನೀರಿನ ಬಟ್ಟೆ ಇಟ್ಟು, ಹಲ್ಲುಕಡ್ಡೀಲಿ ಪುಟ್ಟಿ ತೆಗೆದೆ. ಇವತ್ತು ಪೂರ್ತಿ ಬಂತು. ಕೆಳಗಿನ ಮರ ಹಾಳಾಗಿಲ್ಲ, ಆಣೆ ಮಾಡಿ ಹೇಳ್ತೀನಿ, ನುಣ್ಣಗಿದೆ, ಒಳ್ಳೇ ಹೊಳಪಿದೆ. ನನ್ನ ಹೆಬ್ಬೆರಳು ಇಟ್ಟು ನೋಡ್ದೆ. ನಂದು ದಪ್ಪ, ಕೂರಲ್ಲ. ನನ್ನ ಬೆರಳಿನ ಜಾಗ ಅಲ್ಲ ಅದು.

ವೆರ್ನನ್‌ಗೆ ಫೋನ್ ಮಾಡಿ ಬೇಡ ಅಂದೆ. "ಅದರದೇ ಮರ ಸಿಕ್ಕಿದೆ ಅಂತೀಯ, ಲಕ್ಷದಲ್ಲೊಬ್ಬರಿಗೆ ಹಂಗೆ ಸಿಗೋದು, ಹುಚ್ಚು ಹಿಡೀತಾ?" ಅಂದ್ರು. ಹೂಂ ಅಂದೆ.

ಕೋಲು ವಾಪಸ್ ಕಳಿಸ್ತಿದೀನಿ. ನಿಮ್ಮ ಕಡೆ ಏಪ್ರಿಲ್ ಬರತ್ತೆ, ಕಿಟಕಿ ಎತ್ಬೇಕಲ್ಲ. ಬಂದೂಕೂ ನಿಮಗೆ ಬೇಕಂದ್ರೆ ಒಂದೇ ಒಂದು ಸಾಲು ಬರೀರಿ, ನಾನೇ ಬಸ್ಸಲ್ಲಿ ತಂದು ಕೊಡ್ತೀನಿ. ನಿಜವಾಗ್ಲೂ.

ನಿಮ್ಮ ಬೆರಳು ಹೆಂಗಿದೆ?

ಮರ್ನಿ

---

ಫರ್ಗಸ್ ಫಾಲ್ಸ್
೩ ಫೆಬ್ರವರಿ ೨೦೧೯

ಮಗೂ,

ಕೋಲು ಬಂತು. ಬೆರಳು ಊದಿದೆ ಎಂದು ನಾನು ಬರೆದದ್ದು ನಿಜ, ಆದರೆ ಅದು ಕಿಟಕಿಯ ಕೋಲು ಎಂದು ಎಲ್ಲೂ ಬರೆದಿರಲಿಲ್ಲ, ಹೇಳಿದವಳು ಯಾರೆಂದು ತಕ್ಷಣ ತಿಳಿಯಿತು. ಥೆಲ್ಮಾಳನ್ನು ಕೇಳಿದೆ. "ನಾನಾ? ನಾನ್ಯಾಕೆ ಹೇಳ್ಲಿ? ನಂಗೆ ಬೇರೆ ಕೆಲ್ಸ ಇಲ್ವಾ?" ಎಂದು ಮೂರು ಸಲ ಕೇಳಿದಳು. ಅವಳನ್ನು ಸಾಯಿಸಲಿಲ್ಲ. ಅವಳು ಮಾಡಿ ತಂದ ಆಲೂಗಡ್ಡೆ ಹಾಟ್‌ಡಿಶ್ ತಿಂದೆ.

ಈಗ ಇಷ್ಟು ಗೊತ್ತಾಗಿದೆ, ಉಳಿದದ್ದೂ ಕೇಳು.

೧೯೫೮ರ ಅಕ್ಟೋಬರ್. ಮದುವೆಯಾಗಿ ಒಂದು ವರ್ಷ. ೭೧೨೧೪ನ್ನು ಆಗತಾನೆ ಕೊಂಡಿದ್ದೆ, ಒಂದು ಗೀರೂ ಇರಲಿಲ್ಲ, ಕ್ಲಬ್ಬಿನವರೆಲ್ಲ ಬಂದು ಮುಟ್ಟಿ ಹೋಗುತ್ತಿದ್ದರು. ನಾನು ಬೇಟೆಗೆ ಹೊರಟರೆ ರಾಗ್ನಾ ಕಾಫಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ನಾನು ಹಿತ್ತಲಿಂದ ಬರುವಾಗ ಆ ಬಂದೂಕನ್ನು ಎತ್ತಿ ಹಿಡಿಯಲು ನೋಡುತ್ತಿದ್ದಳು. ಮುಂಭಾಗ ಭಾರ, ಎಡಗೈ ನಡುಗಿ ನಳಿಗೆ ಕೆಳಗಿಳಿಯುತ್ತಿತ್ತು. ಮತ್ತೆ ಎತ್ತಿದಳು. ಮತ್ತೆ ಇಳಿಯಿತು. ನಾನು ಬಂದದ್ದು ನೋಡಿ, "ಧೂಳು ಒರೆಸ್ತಿದ್ದೆ" ಎಂದಳು.

ಮರುದಿನ ಅವಳನ್ನು ಮೇಜಿನ ಎದುರು ನಿಲ್ಲಿಸಿ, ಕೈ ಎಲ್ಲಿಯವರೆಗೆ ಬರುತ್ತದೆ ಎಂದು ಅಳೆದು, ಅಲ್ಲಿಗೆ ಗರಗಸ ಇಟ್ಟೆ. "ಅಯ್ಯೋ ಆರ್ಡೆನ್, ಬೇಡ್ವೋ, ಅವರೆಲ್ಲಾ ಏನಂತಾರೆ!" ಎಂದು ಕೂಗಿದಳು. ಅಷ್ಟರಲ್ಲಿ ಅರ್ಧ ಆಗಿತ್ತು. ಬೆರಳು ಜಾರದಿರಲೆಂದು ಗುಳಿ ಕೆತ್ತಿದೆ, ಇಟ್ಟು ನೋಡಿದಳು, ಇನ್ನೂ ಸ್ವಲ್ಪ ಎಂದಳು, ಇನ್ನೂ ಸ್ವಲ್ಪ ಕೆತ್ತಿದೆ. ಮುಂದಿನ ತಿಂಗಳೇ ಮೊದಲ ಜಿಂಕೆ. ಚೀಟಿಯಲ್ಲಿ ಬರೆದ ಹನ್ನೊಂದೂ ಅವಳವು. ನಾನು ಆ ಬಂದೂಕಿನಿಂದ ಒಂದು ಗುಂಡೂ ಹಾರಿಸಿಲ್ಲ.

ಅವಳು ಒಂದೇ ಮಾತು ತೆಗೆದುಕೊಂಡಳು. "ನನ್ನ ಕೈಗೋಸ್ಕರ ಕುಯ್ದೆ ಅಂತ ಆ ಗಂಡಸರ ಮುಂದೆ ಬಾಯಿಬಿಟ್ರೆ ಮುಂದಿನ ಗರಗಸ ನಿನ್ನ ಕತ್ತಿಗೆ. ಅವರು ಅಯ್ಯೋ ಪಾಪ ಅನ್ನೋದು ನಂಗೆ ಬೇಡ." ಅದಕ್ಕೇ ಅರವತ್ತು ವರ್ಷ ಹೇಳಲಿಲ್ಲ. ಅವರು ನನ್ನನ್ನು ಮರಕಡುಕ ಎಂದರು. ನಾನು ಹೌದು ಎಂದೆ. ಮನೆಗೆ ಬಂದು ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳು ಹೋದ ಮೇಲೆ ಬಂದೂಕು ಇಟ್ಟ ಬೀರುವಿನ ಮುಂದೆ ನಡೆಯಲು ಆಗುತ್ತಿರಲಿಲ್ಲ. ಕೊಟ್ಟುಬಿಟ್ಟೆ. ಕೊಟ್ಟ ವಾರವೇ ತಪ್ಪು ಮಾಡಿದೆ ಎನಿಸಿತು. ಗುಳಿ ಹಾಗೆಯೇ ಇದೆಯೆ ಎಂದು ಕೇಳಿದ್ದು ಅದಕ್ಕೆ.

ಬಂದೂಕು ತರಬೇಡ. ನನ್ನ ಬೀರುವಿನಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ನಿನ್ನ ಹತ್ತಿರ ಅದನ್ನು ಮಾತನಾಡಿಸುವವರಿದ್ದಾರೆ. ರಾಗ್ನಾಳ ಷರತ್ತು ಮಾತ್ರ ಈಗ ನಿನಗೂ ಸೇರುತ್ತದೆ.

ಆರ್ಡೆನ್

---

ಲೊರೇನ್
೧೭ ಮಾರ್ಚ್ ೨೦೧೯

ಆರ್ಡೆನ್,

ನಿನ್ನೆ ಮೇಳ ಮುಗೀತು. ನಂದೂ ಒಂದು ಮೇಜಿತ್ತು, ಮೂಲೇಲಿ, ಕಾಫಿ ಯಂತ್ರದ ಪಕ್ಕ. ಹಸಿರು ಬಟ್ಟೆ ಹಾಸಿ ೭೧೨೧೪ ಮಲಗಿಸಿದ್ದೆ, ಎಡಗಡೆ ಮೇಲೆ ಕಾಣೋ ಹಾಗೆ. ಕಾರ್ಡಲ್ಲಿ ಇಷ್ಟೇ: "೧೮೯೬ನೇ ಮಾದರಿ. ೧೯೫೮ರಲ್ಲಿ ಕತ್ತರಿಸಿದ್ದು. ಈಗಿರುವುದೇ ಮೂಲ ಸ್ಥಿತಿ."

ಜನ ಬಂದು ಬಂದು ನಕ್ಕರು. ಒಬ್ಬ ದಪ್ಪ ಮೀಸೆಯವ್ರು ಟೋಪಿ ಹಿಂದಕ್ಕೆ ತಳ್ಳಿ, "ಅಯ್ಯೋ ಮಗೂ, ಇದನ್ನ ಯಾವ ಪುಣ್ಯಾತ್ಮ ಕುಯ್ದ?" ಅಂದ್ರು.

"ಮಿನ್ನೆಸೋಟದೋರು."

"ಅವನ ಮನೇಲಿ ಅಳತೆ ಪಟ್ಟಿ ಇರ್ಲಿಲ್ವಂತಾ?"

ಸುತ್ತ ಇದ್ದೋರೆಲ್ಲಾ ಗೊಳ್ಳಂದ್ರು. ನಾನಂದೆ, "ಇತ್ತು ಸಾರ್. ಸರಿಯಾಗೇ ಅಳತೆ ತಗೊಂಡಿದ್ರು."

"ಯಾವುದಕ್ಕಮ್ಮಾ ಅಳತೆ?"

"ಅದನ್ನ ಹೇಳೋ ಹಾಗಿಲ್ಲ."

ಅವ್ರು ನನ್ನ ಮುಖ ನೋಡಿದ್ರು, ಆಮೇಲೆ ಬಂದೂಕು ನೋಡಿದ್ರು. ಕಾಫಿ ತಗೊಂಡು ಹೋದ್ರು. ಸಂಜೆ ಮೇಜು ಖಾಲಿ ಮಾಡೋ ಹೊತ್ತಿಗೆ ಒಬ್ರೇ ವಾಪಸ್ ಬಂದು ಗುಳಿ ಮೇಲೆ ಒಂದು ಸಲ ಬೆರಳಾಡಿಸಿ ಹೋದ್ರು.

ಗೊತ್ತಾ, ನಾನು ಗ್ರೂಪಲ್ಲಿ ದಿನಕ್ಕೆ ಹನ್ನೆರಡು ಪೋಸ್ಟ್ ಹಾಕೋಳು. ಈ ಕಥೆ ಹಾಕಿದ್ರೆ ಸಾವಿರ ಹೃದಯ ಬೀಳ್ತಿತ್ತು. ಬರೆದೂ ಬಿಟ್ಟಿದ್ದೆ, ಫೋಟೋ ಸಮೇತ. ಅಳಿಸ್ದೆ. ಅವರಿಗೆ ಅಯ್ಯೋ ಪಾಪ ಅನ್ಸೋದು ಬೇಡ.

ಗೂಡಲ್ಲಿ ನಿಮ್ಮ ಚೀಟಿ ಹಾಗೇ ಇದೆ. ನಂದು ಇನ್ನೂ ಬರ್ದಿಲ್ಲ, ಕೈಬಿಡೋ ದಿನ ಬರೆಯೋದಲ್ವಾ? ಆ ದಿನ ಬರಲ್ಲ.

ಅಲ್ಲಿ ಹಿಮ ಕರಗ್ತಾ?

ಮರ್ನಿ

---

ಫರ್ಗಸ್ ಫಾಲ್ಸ್
೧೮ ಏಪ್ರಿಲ್ ೨೦೧೯

ಮಗೂ,

ಮೀಸೆಯವನಿಗೆ ನೀನು ಕೊಟ್ಟ ಉತ್ತರವನ್ನು ಥೆಲ್ಮಾಳಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದಳು. ಆಮೇಲೆ ಎದ್ದು ಪಾತ್ರೆ ತೊಳೆಯತೊಡಗಿದಳು, ತೊಳೆದ ಪಾತ್ರೆಗಳನ್ನೇ.

ಇದರೊಳಗೆ ಒಂದು ಹೊಸ ಚೀಟಿ ಇದೆ. ನನ್ನ ಹಳೆಯದನ್ನು ತೆಗೆದು ಇದನ್ನು ಇಡು. ಅದರಲ್ಲಿ ನಾನು ಸರಿಯಾಗಿ ಬರೆದಿರಲಿಲ್ಲ. ಇದರಲ್ಲಿ ಹೀಗಿದೆ: "೭೧೨೧೪. ರಾಗ್ನಾ ಸ್ಕೋಗ್‌ಸ್ಟಾಡ್, ೧೯೫೮ರಿಂದ ೨೦೧೧. ಹನ್ನೊಂದು ಜಿಂಕೆ." ಮುಚ್ಚಳ ಹಾಕಿದ ಮೇಲೆ ಅದನ್ನು ಓದುವವರು ಬಂದೂಕನ್ನು ಕೊಂಡವರು ಮಾತ್ರ. ಅಷ್ಟಕ್ಕೆ ಅವಳು ಒಪ್ಪುತ್ತಾಳೆ ಎಂದುಕೊಂಡಿದ್ದೇನೆ.

ಅವಳು ಹೋದ ಮೇಲೂ ಪ್ರತಿ ವರ್ಷ ಕಿಟಕಿ ಎತ್ತಿದ್ದೇನೆ, ಅದೇ ಕೋಲು ಕೊಟ್ಟಿದ್ದೇನೆ. ತಾರೀಕು ಬರೆದಿರಲಿಲ್ಲ. ಅದು ಅವಳ ಕೆಲಸವಾಗಿತ್ತು.

ಇವತ್ತು ಬೆಳಿಗ್ಗೆ ಕಿಟಕಿ ಎತ್ತಿದೆ. ಪೆನ್ಸಿಲು ತಂದು ಬರೆದೆ: ೨೦೧೯, ಏಪ್ರಿಲ್ ೧೮. ಅವಳ ಅಕ್ಷರದ ಕೆಳಗೆ ನನ್ನದು ಕೋಳಿ ಕೆದಕಿದ ಹಾಗಿದೆ. ತೋಡಿನಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಉಳಿದಿದೆ.

ಆರ್ಡೆನ್